‘ಬಲ’ ಮತ್ತು ವಿಭಕ್ತಿ: ಶಾಲಾ ಭೌತವಿಜ್ಞಾನದ ಕನ್ನಡವನ್ನು ಕುರಿತು

ಪೀಠಿಕೆ

ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಬೋಧನೆಯ ಪ್ರಶ್ನೆ ಬಂದಾಗಲೆಲ್ಲ ಚರ್ಚೆ ಸಾಮಾನ್ಯವಾಗಿ ಪಾರಿಭಾಷಿಕ ಪದಗಳ ಸುತ್ತಲೇ ನಡೆಯುತ್ತದೆ. ಪದ ಸಂಸ್ಕೃತದ್ದಾಗಿರಬೇಕೆ, ದೇಶ್ಯವಾಗಿರಬೇಕೆ, ಇಂಗ್ಲಿಷ್ ಪದವನ್ನೇ ಉಳಿಸಿಕೊಳ್ಳಬೇಕೆ ಎಂಬುದೇ ಅಲ್ಲಿನ ಮುಖ್ಯ ವಾದ. ಪದವೊಂದು ವಾಕ್ಯದೊಳಗೆ ಯಾವ ವಿಭಕ್ತಿಯನ್ನು, ಯಾವ ಕ್ರಿಯಾಪದವನ್ನು ಜೊತೆಗೂಡಿಸಿಕೊಳ್ಳುತ್ತದೆ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆಯಾಗಿದೆ. ಪ್ರೌಢಶಾಲೆಯ ಪಠ್ಯದಲ್ಲಿ ಬರುವ ಬಲ ಮತ್ತು ಚಲನೆಯ ಮೂಲ ಪರಿಕಲ್ಪನೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಸರಳ ಪ್ರಶ್ನೆಯಿಂದ ಆರಂಭಿಸಬಹುದು. ಕಲ್ಲೊಂದನ್ನು ನೇರವಾಗಿ ಮೇಲಕ್ಕೆ ಎಸೆಯಲಾಗಿದೆ. ಅದು ಕೈಬಿಟ್ಟು ಮೇಲೇರುತ್ತಿರುವಾಗ ಅದರ ಮೇಲೆ ವರ್ತಿಸುವ ಬಲಗಳು ಯಾವುವು? ಗಾಳಿಯ ತಡೆಯನ್ನು ಬಿಟ್ಟರೆ ನ್ಯೂಟನ್ನನ ಯಂತ್ರಶಾಸ್ತ್ರ ನೀಡುವ ಉತ್ತರ ಒಂದೇ: ಭೂಮಿಯಿಂದ ಕೆಳಮುಖವಾಗಿ ವರ್ತಿಸುವ ಗುರುತ್ವ ಬಲ. ಆದರೆ ಕಲಿಯುವವರಿಗೆ ಸಹಜವಾಗಿ ತೋಚುವ ಉತ್ತರ ಬೇರೆ. ಎಸೆದ ಕೈ ಕೊಟ್ಟ ಬಲ ಕಲ್ಲಿನಲ್ಲಿದೆ, ಅದು ತೀರಿದಾಗ ಕಲ್ಲು ಕೆಳಗೆ ಬೀಳುತ್ತದೆ ಎಂದು ಅವರು ಭಾವಿಸುತ್ತಾರೆ.

ಇದನ್ನು ಕನ್ನಡ ಮಾಧ್ಯಮದ ದೋಷವೆಂದು ಭಾವಿಸುವುದು ತಪ್ಪಾಗುತ್ತದೆ. ಫ್ರಾನ್ಸಿನ ಲಾರೆನ್ಸ್ ವಿಯೆನ್ನೊ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಅಮೆರಿಕದ ಜಾನ್ ಕ್ಲೆಮೆಂಟ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ವಿಶ್ವವಿದ್ಯಾನಿಲಯದ ಹಂತದ ವಿದ್ಯಾರ್ಥಿಗಳಲ್ಲೇ ಇದೇ ಬಗೆಯ ಉತ್ತರ ಕಂಡುಬಂದಿದೆ. ಆದ್ದರಿಂದ ಭ್ರಾಂತಿಗೆ ಕನ್ನಡ ಕಾರಣವಲ್ಲ. ಅದನ್ನು ನಿವಾರಿಸಲು ಕನ್ನಡದಲ್ಲಿ ಯಾವ ಸಾಧನಗಳಿವೆ ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

1. ಬಲ: ಯಾರಿಗೆ? ಯಾವುದರ ಮೇಲೆ?

ನಿತ್ಯವ್ಯವಹಾರದ ಕನ್ನಡದಲ್ಲಿ ‘ಬಲ’ ಒಂದು ಸ್ವತ್ತು. ‘ಭೀಮನಿಗೆ ಬಲ ಹೆಚ್ಚು’ ಎನ್ನುವಾಗ ಚತುರ್ಥಿ, ‘ಎತ್ತಿನ ಬಲ’ ಎನ್ನುವಾಗ ಷಷ್ಠಿ, ‘ಮೈಯಲ್ಲಿ ಬಲವಿಲ್ಲ’ ಎನ್ನುವಾಗ ಸಪ್ತಮಿ ಬಳಕೆಯಾಗುತ್ತದೆ. ಮೂರರಲ್ಲಿಯೂ ಬಲವು ಒಂದು ಆಶ್ರಯದಲ್ಲಿ ನೆಲೆಸಿರುವ ಗುಣ. ಅದು ಹೆಚ್ಚಬಹುದು, ಕುಗ್ಗಬಹುದು, ಮುಗಿದೂ ಹೋಗಬಹುದು. ಎಸೆದ ಕಲ್ಲಿನ ಬಗೆಗಿನ ಮೇಲಿನ ಉತ್ತರ ಈ ಅರ್ಥಕ್ಕೆ ಪೂರ್ಣವಾಗಿ ಒಪ್ಪುತ್ತದೆ.

ಭೌತವಿಜ್ಞಾನದ ಬಲ ಸ್ವತ್ತಲ್ಲ, ಎರಡು ಕಾಯಗಳ ನಡುವಣ ವ್ಯವಹಾರ. ಅದನ್ನು ಪೂರ್ಣವಾಗಿ ಹೇಳುವ ವಾಕ್ಯದಲ್ಲಿ ನಾಲ್ಕು ಅಂಶಗಳಿರಬೇಕು: ಯಾವುದರಿಂದ, ಯಾವುದರ ಮೇಲೆ, ಯಾವ ದಿಕ್ಕಿಗೆ, ಎಷ್ಟು. ‘ಎತ್ತುಗಳಿಂದ ಗಾಡಿಯ ಮೇಲೆ ಮುಮ್ಮುಖವಾಗಿ 500 ನ್ಯೂಟನ್ ಬಲ’ ಎಂಬುದು ಅಂತಹ ವಾಕ್ಯ. ಇಲ್ಲಿ ‘ಗಾಡಿಗೆ ಬಲ’, ‘ಗಾಡಿಯಲ್ಲಿ ಬಲ’ ಎಂಬ ಪ್ರಯೋಗಗಳಿಗೆ ಸ್ಥಾನವಿಲ್ಲ. ‘ಇಂದ’ ಮತ್ತು ‘ಮೇಲೆ’ ಎಂಬೆರಡು ರೂಪಗಳೇ ಪರಿಕಲ್ಪನೆಯ ಅರ್ಧಭಾಗವನ್ನು ಹೊತ್ತಿವೆ. ಮೇಲೇರುವ ಕಲ್ಲಿನ ಪ್ರಶ್ನೆಯನ್ನು ಈ ಚೌಕಟ್ಟಿಗೆ ತಂದರೆ ‘ಯಾವುದರಿಂದ?’ ಎಂಬ ಸ್ಥಾನವನ್ನು ತುಂಬಲು ಭೂಮಿಯ ಹೊರತು ಬೇರೇನೂ ಉಳಿಯುವುದಿಲ್ಲ. ಕೈ ಆಗಲೇ ಕಲ್ಲನ್ನು ಬಿಟ್ಟಾಗಿದೆ.

ಆಡುಮಾತಿನಲ್ಲಿಯೇ ಇದಕ್ಕೆ ಸಮೀಪವಾದ ಪ್ರಯೋಗವೊಂದಿದೆ. ‘ಬಲ ಹಾಕಿ ತಳ್ಳು’ ಎನ್ನುವಾಗ ಬಲವು ಇರುವುದಲ್ಲ, ಹಾಕುವುದು; ಕೈ ತೆಗೆದ ಕ್ಷಣ ಹಾಕುವುದು ನಿಲ್ಲುತ್ತದೆ. ಪಾಠದ ಆರಂಭಕ್ಕೆ ‘ಬಲವಂತ’ನಿಗಿಂತ ‘ಬಲ ಹಾಕುವವನು’ ಹೆಚ್ಚು ಉಪಯುಕ್ತ.

‘ಕಲ್ಲಿನ ತೂಕ’ ಎಂಬ ಷಷ್ಠಿ ಪ್ರಯೋಗವೂ ಹೀಗೆಯೇ ಕರ್ತೃವನ್ನು ಮರೆಮಾಡುತ್ತದೆ. ತೂಕವೆಂದರೆ ಭೂಮಿಯಿಂದ ಕಲ್ಲಿನ ಮೇಲಿನ ಬಲ. 10 ಕಿಲೋಗ್ರಾಂ ದ್ರವ್ಯರಾಶಿಯ ಅಕ್ಕಿಚೀಲದ ತೂಕ ಭೂಮಿಯಲ್ಲಿ ಸುಮಾರು 98 ನ್ಯೂಟನ್. ಚಂದ್ರನ ಮೇಲೆ ಅದರ ಆರನೆಯ ಒಂದು ಭಾಗ. ಅಕ್ಕಿ ಮಾತ್ರ ಅಷ್ಟೇ ಇರುತ್ತದೆ.

2. ‘ವೇಗ’ದ ಶಾಸ್ತ್ರೀಯ ಹಿನ್ನೆಲೆ

ಪಠ್ಯಪುಸ್ತಕಗಳು ಸಂಸ್ಕೃತದಿಂದ ಪಡೆದ ಕೆಲವು ಪದಗಳಿಗೆ ದರ್ಶನಶಾಸ್ತ್ರಗಳಲ್ಲಿ ದೀರ್ಘ ಚರಿತ್ರೆಯಿದೆ. ವೈಶೇಷಿಕ ದರ್ಶನದಲ್ಲಿ ಚಲನೆಗೆ ‘ಕರ್ಮ’ ಎಂದು ಹೆಸರು. ಉತ್ಕ್ಷೇಪಣ, ಅವಕ್ಷೇಪಣ, ಆಕುಂಚನ, ಪ್ರಸಾರಣ, ಗಮನ ಎಂದು ಅದು ಐದು ಬಗೆ. ‘ಗುರುತ್ವ’ ಬೀಳುವಿಕೆಗೆ ಕಾರಣವಾದ ಗುಣ. ‘ಸಂಸ್ಕಾರ’ವೆಂಬ ಗುಣದಲ್ಲಿ ವೇಗ, ಭಾವನೆ, ಸ್ಥಿತಿಸ್ಥಾಪಕ ಎಂಬ ಮೂರು ಪ್ರಭೇದಗಳು. ಪ್ರಶಸ್ತಪಾದನ ಪದಾರ್ಥಧರ್ಮಸಂಗ್ರಹದ ವಿವರಣೆಯಂತೆ ಬಾಣದ ಮೊದಲ ಚಲನೆ ‘ನೋದನ’ದಿಂದ, ಅಂದರೆ ತಳ್ಳುವಿಕೆಯಿಂದ ಉಂಟಾಗುತ್ತದೆ. ಆ ಚಲನೆ ಬಾಣದಲ್ಲಿ ವೇಗವೆಂಬ ಸಂಸ್ಕಾರವನ್ನು ಹುಟ್ಟಿಸುತ್ತದೆ. ಮುಂದಿನ ಚಲನೆಗಳಿಗೆ ಆ ಸಂಸ್ಕಾರವೇ ಕಾರಣ.

ಹೀಗೆ ಶಾಸ್ತ್ರದ ‘ವೇಗ’ ಚಲನೆಯ ಅಳತೆಯಲ್ಲ, ಚಲನೆಯ ಕಾರಣ. ಹದಿನಾಲ್ಕನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಜಾನ್ ಬುರಿಡನ್ ಪ್ರತಿಪಾದಿಸಿದ ‘ಇಂಪೆಟಸ್’ ಇದಕ್ಕೆ ಬಹಳ ಸಮೀಪದ ಕಲ್ಪನೆ. ನಮ್ಮ ವಿದ್ಯಾರ್ಥಿಯ ‘ಕಲ್ಲಿನಲ್ಲಿರುವ ಬಲ’ವೂ ಇದೇ ಜಾತಿಯದು. ಅವನ ಉತ್ತರ ಅವಿವೇಕದ್ದಲ್ಲ. ಎರಡು ನಾಗರಿಕತೆಗಳ ಶ್ರೇಷ್ಠ ಚಿಂತಕರು ಆಲೋಚಿಸಿ ತಲುಪಿದ ನಿಲುವಿಗೆ ಅದು ಹತ್ತಿರವಾದುದು. ಅಧ್ಯಾಪಕರು ಅದನ್ನು ಅಳಿಸುವ ಮೊದಲು ಗೌರವಿಸಬೇಕಾದದ್ದು ಇದೇ ಕಾರಣಕ್ಕೆ.

ಯುರೋಪಿನ ಭಾಷೆಗಳೂ ಈ ತೊಡಕಿನಿಂದ ಸುಲಭವಾಗಿ ಪಾರಾಗಲಿಲ್ಲ. 1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯಾದಲ್ಲಿ ನ್ಯೂಟನ್ ಜಡತ್ವವನ್ನೂ ದ್ರವ್ಯದಲ್ಲಿ ಸಹಜವಾಗಿರುವ ‘ವಿಸ್’ ಎಂದೇ, ಅಂದರೆ ಬಲವೆಂದೇ ಕರೆದಿದ್ದಾನೆ. ಹೆಲ್ಮ್‌ಹೋಲ್ಟ್ಸ್ 1847ರಲ್ಲಿ ಶಕ್ತಿಯ ಸಂರಕ್ಷಣೆಯನ್ನು ಮಂಡಿಸಿದಾಗ ಬಳಸಿದ್ದು ಬಲವನ್ನು ಸೂಚಿಸುವ ‘ಕ್ರಾಫ್ಟ್’ ಎಂಬ ಜರ್ಮನ್ ಪದವನ್ನು. ಬಲ ಮತ್ತು ಶಕ್ತಿ ಪರ್ಯಾಯಪದಗಳಾಗಿರುವುದು ಕನ್ನಡದೊಂದರ ದೌರ್ಬಲ್ಯವಲ್ಲ.

3. ಜವ, ವೇಗ, ವೇಗೋತ್ಕರ್ಷ

ಪಠ್ಯಗಳಲ್ಲಿ ದಿಕ್ಕನ್ನು ಗಣಿಸದ ಪರಿಮಾಣಕ್ಕೆ ‘ಜವ’, ದಿಕ್ಕನ್ನು ಒಳಗೊಂಡದ್ದಕ್ಕೆ ‘ವೇಗ’ ಎಂಬ ಹಂಚಿಕೆ ನೆಲೆಗೊಂಡಿದೆ. ‘ಜವ’ ಬಳಕೆಯಲ್ಲಿ ವಿರಳವಾದುದರಿಂದ ಹಳೆಯ ಅರ್ಥದ ಹೊರೆ ಅದಕ್ಕಿಲ್ಲ. ‘ವೇಗ’ದ ಸ್ಥಿತಿ ಹಾಗಲ್ಲ, ಜನ ವೇಗವೆನ್ನುವುದು ಪಠ್ಯದ ಜವವನ್ನೇ. ಗಂಟೆಗೆ 40 ಕಿಲೋಮೀಟರಿನಂತೆ ಒಂದೇ ಸಮನೆ ತಿರುವಿನಲ್ಲಿ ಸಾಗುವ ಬಸ್ಸಿನ ಜವ ಬದಲಾಗಿಲ್ಲ, ವೇಗ ಬದಲಾಗುತ್ತಿದೆ ಎಂಬ ಮಾತು ಆದ್ದರಿಂದಲೇ ವಿಚಿತ್ರವಾಗಿ ಕೇಳಿಸುತ್ತದೆ.

‘ವೇಗೋತ್ಕರ್ಷ’ದಲ್ಲಿ ತೊಡಕು ಇನ್ನೂ ಹೆಚ್ಚು. ಉತ್ಕರ್ಷವೆಂದರೆ ಏರಿಕೆ, ಏಳಿಗೆ. ಬ್ರೇಕ್ ಹಾಕಿದ ಬಸ್ಸಿಗೂ ಸಮಜವದಿಂದ ತಿರುಗುವ ಬಸ್ಸಿಗೂ ವೇಗೋತ್ಕರ್ಷವಿದೆ ಎಂದರೆ ಪದದ ಅವಯವಾರ್ಥವೇ ಅದಕ್ಕೆ ಅಡ್ಡ ಬರುತ್ತದೆ. ಸೆಕೆಂಡಿಗೆ 19.6 ಮೀಟರಿನಂತೆ ಮೇಲಕ್ಕೆಸೆದ ಕಲ್ಲು 2 ಸೆಕೆಂಡಿನಲ್ಲಿ ತುದಿ ಮುಟ್ಟುತ್ತದೆ. ಆ ಕ್ಷಣ ಅದರ ವೇಗ ಸೊನ್ನೆ. ವೇಗೋತ್ಕರ್ಷ ಮಾತ್ರ ಮೊದಲಿನಂತೆಯೇ ಕೆಳಮುಖವಾಗಿ 9.8. ರೂಢವಾದ ಪದವನ್ನು ಈಗ ಬದಲಿಸುವುದು ಗೊಂದಲಕ್ಕೆ ಎಡೆಮಾಡೀತು. ಆದರೆ ಅದನ್ನು ಪರಿಚಯಿಸುವ ದಿನವೇ ‘ವೇಗದ ಬದಲಾವಣೆಯ ದರ’ ಎಂದು ಬಿಡಿಸಿ ಹೇಳುವುದು ಅವಶ್ಯ.

4. ನಿಂತಿತು, ನಿಲ್ಲಿಸಿತು

ಕನ್ನಡದ ಕ್ರಿಯಾರಚನೆ ಈ ಪಾಠಕ್ಕೆ ವಿಶೇಷ ನೆರವು ನೀಡಬಲ್ಲದು. ಉರುಳು–ಉರುಳಿಸು, ಓಡು–ಓಡಿಸು, ನಿಲ್ಲು–ನಿಲ್ಲಿಸು, ತಿರುಗು–ತಿರುಗಿಸು ಎಂಬ ಜೋಡಿಗಳಲ್ಲಿ ‘ಇಸು’ ಪ್ರತ್ಯಯ ಹೊರಗಿನ ಕರ್ತೃವೊಂದನ್ನು ತರುತ್ತದೆ. ‘ಚೆಂಡು ನಿಂತಿತು’ ಎಂಬ ವಾಕ್ಯದಲ್ಲಿ ಚೆಂಡು ತಾನಾಗಿ ನಿಂತಂತಿದೆ. ಘರ್ಷಣೆಗೆ ಅಲ್ಲಿ ಸ್ಥಳವೇ ಇಲ್ಲ. ‘ನಿಲ್ಲಿಸಿತು’ ಎಂದೊಡನೆ ‘ಯಾವುದು?’ ಎಂಬ ಪ್ರಶ್ನೆ ಏಳುತ್ತದೆ. ಉತ್ತರ: ನೆಲ.

ಚಲನೆಯ ಮೊದಲನೆಯ ನಿಯಮವನ್ನು ಹೀಗೆ ನಿರೂಪಿಸಬಹುದು: ಒಂದೇ ಸಮನೆ ನೇರವಾಗಿ ಉರುಳುತ್ತಿರಲು ‘ಇಸು’ ಬೇಕಾಗಿಲ್ಲ, ಉರುಳಿಸಲು, ನಿಲ್ಲಿಸಲು, ತಿರುಗಿಸಲು ಬೇಕು. ಆದರೆ ಒಂದು ಎಚ್ಚರಿಕೆ ಅಗತ್ಯ. ‘ಚಲಿಸು’, ‘ವರ್ತಿಸು’ ಮೊದಲಾದ ಸಂಸ್ಕೃತಮೂಲದ ಧಾತುಗಳಲ್ಲಿ ‘ಇಸು’ ಇದ್ದರೂ ಅದಕ್ಕೆ ಪ್ರೇರಣಾರ್ಥವಿಲ್ಲ. ಪಠ್ಯದ ವಾಕ್ಯಗಳೆಲ್ಲ ‘ಚಲಿಸು’ ಎಂಬುದನ್ನೇ ಆಶ್ರಯಿಸಿದರೆ ಈ ವ್ಯತ್ಯಾಸ ಮರೆಯಾಗುತ್ತದೆ. ದೇಶ್ಯ ಧಾತುಗಳು ಇಲ್ಲಿ ಬೇಕಾಗುವುದು ಭಾಷಾಭಿಮಾನಕ್ಕಾಗಿಯಲ್ಲ, ಸ್ಪಷ್ಟತೆಗಾಗಿ.

5. ಎತ್ತು ಮತ್ತು ಗಾಡಿ

ಮೂರನೆಯ ನಿಯಮದ ‘ಕ್ರಿಯೆ–ಪ್ರತಿಕ್ರಿಯೆ’ ಎಂಬ ಜೋಡಿಪದ ಒಂದು ಮೊದಲು, ಇನ್ನೊಂದು ಆಮೇಲೆ ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ವಾಸ್ತವದಲ್ಲಿ ಎರಡೂ ಏಕಕಾಲದವು. ಎರಡು ಬೇರೆ ಕಾಯಗಳ ಮೇಲೆ ವರ್ತಿಸುವಂಥವು. ಎತ್ತುಗಳು ಗಾಡಿಯನ್ನು ಎಳೆದಷ್ಟೇ ಬಲದಿಂದ ಗಾಡಿಯೂ ಎತ್ತುಗಳನ್ನು ಹಿಂದಕ್ಕೆಳೆದರೆ ಗಾಡಿ ಮುಂದೆ ಸಾಗುವುದು ಹೇಗೆ ಎಂಬ ಪ್ರಸಿದ್ಧ ಆಕ್ಷೇಪ ಹುಟ್ಟುವುದು ಇದನ್ನು ಮರೆತಾಗ.

ವಿಭಕ್ತಿಯನ್ನು ಗಮನಿಸಿದರೆ ಸಮಸ್ಯೆ ಬಿಡಿಸಿಕೊಳ್ಳುತ್ತದೆ. ಗಾಡಿಯ ಚಲನೆ ತಿಳಿಯಬೇಕಾದರೆ ‘ಗಾಡಿಯ ಮೇಲೆ’ ವರ್ತಿಸುವ ಬಲಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎತ್ತುಗಳಿಂದ ಗಾಡಿಯ ಮೇಲೆ ಮುಮ್ಮುಖವಾಗಿ 500 ನ್ಯೂಟನ್, ರಸ್ತೆ ಮೊದಲಾದವುಗಳ ತಡೆ ಹಿಮ್ಮುಖವಾಗಿ 450 ನ್ಯೂಟನ್ ಎಂದು ಭಾವಿಸಿದರೆ ಉಳಿದದ್ದು 50. ಗಾಡಿಯ ದ್ರವ್ಯರಾಶಿ 500 ಕಿಲೋಗ್ರಾಂ ಆಗಿದ್ದರೆ ಅದರ ವೇಗ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ 0.1 ಮೀಟರಿನಂತೆ ಹೆಚ್ಚುತ್ತದೆ. ಗಾಡಿಯಿಂದ ಹಿಮ್ಮುಖವಾಗಿ ಬರುವ 500 ನ್ಯೂಟನ್ ‘ಎತ್ತುಗಳ ಮೇಲೆ’ ವರ್ತಿಸುವಂಥದ್ದು. ಅದು ಗಾಡಿಯ ಲೆಕ್ಕಕ್ಕೆ ಸೇರದು. ಎತ್ತುಗಳು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುವುದರಿಂದ ನೆಲವು ಅವನ್ನು ಮುಂದಕ್ಕೆ ತಳ್ಳುತ್ತದೆ. ಎಳೆತ 450ಕ್ಕೆ ಇಳಿದ ಮೇಲೂ ಗಾಡಿ ನಿಲ್ಲುವುದಿಲ್ಲ. ಆಗಿದ್ದ ವೇಗದಲ್ಲೇ ಸಾಗುತ್ತದೆ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಬಲದ ಬಗೆಗಿನ ಭ್ರಾಂತಿ ಯಾವ ಒಂದು ಭಾಷೆಗೂ ಸೀಮಿತವಲ್ಲ. ಅದನ್ನು ಆಧಾರವಾಗಿಟ್ಟುಕೊಂಡು ಕನ್ನಡದಲ್ಲಿ ವಿಜ್ಞಾನ ಅಸಾಧ್ಯವೆಂದು ವಾದಿಸುವುದು ನ್ಯಾಯವಲ್ಲ. ಜೊತೆಗೆ, ಪಾರಿಭಾಷಿಕ ಪದ ಒದಗಿಸಿದ ಮಾತ್ರಕ್ಕೆ ಕನ್ನಡದ ಕೆಲಸ ಮುಗಿಯುವುದೂ ಇಲ್ಲ. ವ್ಯಾಖ್ಯೆಯನ್ನು ಕಂಠಪಾಠ ಮಾಡಿದ ವಿದ್ಯಾರ್ಥಿ ‘ಬಲ’ದ ಹಳೆಯ ಅರ್ಥವನ್ನು ಕೈಬಿಟ್ಟಿರಲೇಬೇಕೆಂದಿಲ್ಲ. ‘ಯಾವುದರಿಂದ, ಯಾವುದರ ಮೇಲೆ’ ಎಂದು ಪ್ರತಿ ವಾಕ್ಯದಲ್ಲಿ ಕೇಳುವ ಅಭ್ಯಾಸ ಬೆಳೆದಾಗ ಮಾತ್ರ ಆ ಅರ್ಥ ಸಡಿಲಗೊಳ್ಳುತ್ತದೆ. ಕಾರಕವನ್ನು ಕಲಿಸುವ ಕನ್ನಡದ ಅಧ್ಯಾಪಕರೂ ಬಲವನ್ನು ಕಲಿಸುವ ವಿಜ್ಞಾನದ ಅಧ್ಯಾಪಕರೂ ಪಠ್ಯರಚನೆಯಲ್ಲಿ ಒಟ್ಟಿಗೆ ಕುಳಿತುಕೊಳ್ಳಬೇಕಾದ ಅಗತ್ಯ ಇರುವುದು ಇಲ್ಲಿಯೇ.