ಉಂಗುರದ ಲೆಕ್ಕಕ್ಕೆ ಆರು ಸೂತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಹೊಸಪೇಟೆಯೊಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆ ಎಂದರೆ ಈ ಐದು ತಾಲ್ಲೂಕುಗಳೇ. ಇಲ್ಲಿನ ಎಸ್ಸೆಸ್ಸೆಲ್ಸಿ ಮಕ್ಕಳು ಏಕಕೇಂದ್ರೀಯ ವೃತ್ತಗಳಿಗೆ ಹೆದರಬೇಕಿಲ್ಲ. ಹಳೇ ಬಾವಿಯ ದುಂಡು ಕಟ್ಟೆ ನೋಡಿದ್ದರೆ ಅರ್ಧ ಪಾಠ ಆದಂತೆಯೇ.

1. ಮೊದಲು ಚಿತ್ರ ಬರೆಯಿರಿ. ಕೊಟ್ಟಿರುವುದು ತ್ರಿಜ್ಯವೋ ವ್ಯಾಸವೋ ನೋಡಿ. ವ್ಯಾಸವನ್ನೇ ತ್ರಿಜ್ಯವೆಂದು ಹಾಕಿದರೆ ಉತ್ತರ ನಾಲ್ಕು ಪಟ್ಟಾಗುತ್ತದೆ.

2. ವರ್ಗ ಮಾಡಿ ಕಳೆಯಿರಿ, ಕಳೆದು ವರ್ಗ ಮಾಡಬೇಡಿ. ಬಾವಿಯ ಒಳ ತ್ರಿಜ್ಯ 6 ಅಡಿ, ಕಟ್ಟೆಯೂ ಸೇರಿ ಹೊರ ತ್ರಿಜ್ಯ 8 ಅಡಿ ಎನ್ನೋಣ. 64ರಲ್ಲಿ 36 ಕಳೆದರೆ 28. ಅದನ್ನು 22/7ರಿಂದ ಗುಣಿಸಿದರೆ 88 ಚದರ ಅಡಿ. ಮೊದಲೇ 8ರಲ್ಲಿ 6 ಕಳೆದು ವರ್ಗ ಮಾಡಿದವರಿಗೆ ಸಿಗುವುದು ಬರೀ ಹನ್ನೆರಡೂವರೆ ಚದರ ಅಡಿ. ಅಷ್ಟರಲ್ಲಿ ಒಬ್ಬರು ಮಲಗಬಹುದು, ಬಾವಿ ಸುತ್ತಲಾಗದು!

3. ವರ್ಗದ ಗೊಡವೆಯೇ ಬೇಡವೆಂದರೆ ಒಳ ವ್ಯಾಸಕ್ಕೆ ಕಟ್ಟೆಯ ಅಗಲ ಕೂಡಿಸಿ, ಅದೇ ಅಗಲದಿಂದ ಗುಣಿಸಿ, ಮತ್ತೆ ಪೈಯಿಂದ ಗುಣಿಸಿ. 12ಕ್ಕೆ 2 ಸೇರಿ 14, ಎರಡರಿಂದ ಗುಣಿಸಿದರೆ 28, ಮತ್ತದೇ 88. ಇದು ನಮ್ಮ ನಾಡಿನದೇ ದಾರಿ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಹೇಳಿದ್ದಾನೆ. ಸ್ಥೂಲ ಲೆಕ್ಕಕ್ಕೆ ಅವನು ಪೈ ಬದಲು 3 ಇಟ್ಟುಕೊಳ್ಳುತ್ತಾನೆ. ಆಗ ನಮ್ಮ ಕಟ್ಟೆ 84 ಚದರ ಅಡಿ. ಗಾರೆಯವರ ಅಂದಾಜಿಗೆ ಅಡ್ಡಿಯಿಲ್ಲ, ಪರೀಕ್ಷೆಗೆ ಬೇಡ.

4. ಕೇಂದ್ರ ಕೈಗೆ ಸಿಗದಿದ್ದರೆ ಜ್ಯಾ ಹಿಡಿಯಿರಿ. ಕಟ್ಟೆಯ ಹೊರ ಅಂಚಿನಿಂದ ಹೊರ ಅಂಚಿಗೆ, ಒಳ ಅಂಚನ್ನು ಒಂದೇ ಕಡೆ ಮುಟ್ಟುವಂತೆ, ಹಗ್ಗವನ್ನು ಬಿಗಿಯಾಗಿ ಎಳೆಯಿರಿ. ನಮ್ಮ ಬಾವಿಗೆ ಅದು 10 ಅಡಿ 7 ಅಂಗುಲ ಬರುತ್ತದೆ. ಅದರ ಅರ್ಧವನ್ನು ವರ್ಗ ಮಾಡಿದರೆ 28, ಪೈಯಿಂದ ಗುಣಿಸಿದರೆ ಮತ್ತದೇ 88! ಎರಡು ತ್ರಿಜ್ಯಗಳಲ್ಲಿ ಒಂದೂ ಗೊತ್ತಿಲ್ಲದೆ ವಿಸ್ತೀರ್ಣ ಸಿಕ್ಕಿತು. ಪಠ್ಯದಲ್ಲಿ 5 ಮತ್ತು 3 ಸೆಂ.ಮೀ. ತ್ರಿಜ್ಯದ ವೃತ್ತಗಳಿಗೆ ಜ್ಯಾ 8 ಎಂದು ಬಿಡಿಸುತ್ತೀರಲ್ಲ, ಅದೂ ಇದೇ ಲೆಕ್ಕ. ಉಂಗುರ 16 ಪೈ ಚದರ ಸೆಂ.ಮೀ.

5. ಬಿಲ್ಲುಗಾರಿಕೆಯ ಗುರಿಹಲಗೆಯ ಲೆಕ್ಕ ಬಂದರೆ ನಗುತ್ತಾ ಬಿಡಿಸಿ. ಪ್ರತಿ ಪಟ್ಟಿಯ ಅಗಲವೂ ನಡುವಿನ ವೃತ್ತದ ತ್ರಿಜ್ಯದಷ್ಟೇ ಇದ್ದರೆ ವಿಸ್ತೀರ್ಣಗಳು 1, 3, 5, 7, 9ರ ಅನುಪಾತದಲ್ಲಿರುತ್ತವೆ. ನಡುವಿನದು 346.5 ಆದರೆ ಮುಂದಿನದು 1039.5 ಚದರ ಸೆಂ.ಮೀ.

6. ಮಾನ ಬರೆಯಿರಿ: ‘ಚದರ’ ಬಿಟ್ಟರೆ ಅದು ಉದ್ದವಾಯಿತು, ವಿಸ್ತೀರ್ಣವಲ್ಲ.

ಈ ಭಾನುವಾರ ನಿಮ್ಮೂರ ಬಾವಿಕಟ್ಟೆಯನ್ನು ಅಳೆದು ಮೂರು ದಾರಿಯಲ್ಲೂ ಲೆಕ್ಕ ಹಾಕಿ. ಆದರೆ ಒಬ್ಬರೇ ಹೋಗಬೇಡಿ, ದೊಡ್ಡವರು ಜೊತೆಗಿರಲಿ.