ಹೊಲದಾಗ ಒಂಟಿ ಮಲಗಿದ ಚಿಗರಿ ಮರಿ

ಪ್ರಶ್ನೆ: ಮೊಮ್ಮಗಳು ಹಿಮಸಾರಂಗದ ಪಾಠ ಓದಿ, “ಅಜ್ಜಾ, ಅದರಾಗ ಹೆಣ್ಣಿಗೂ ಕೋಡು ಇರತಾವಂತ, ನಮ್ಮ ಚಿಗರಿಗೂ ಹಂಗ ಏನು? ಅವು ಹೆಂಗ ಜೋಡಿ ಆಗತಾವ, ಮರಿ ಹೆಂಗ ಸಾಕತಾವ?” ಅಂತ ಕೇಳಿದಳು. ದಿನಾ ಚಿಗರಿ ಬಸ್ಸಿನ್ಯಾಗ ಓಡಾಡತೇವಿ, ಆದರ ಹೆಸರು ಬಿಟ್ಟರ ನನಗ ಏನೂ ಗೊತ್ತಿಲ್ಲ. ಇನ್ನೊಂದು ಮಾತು. ಹೋದ ವರ್ಷ ನವಲಗುಂದದ ಕಡೆ ನಮ್ಮ ಹೊಲದಾಗ ಒಂದು ಮರಿ ಒಂದೇ ಮಲಗಿತ್ತು. ತಾಯಿ ಬಿಟ್ಟು ಹೋಗೇತಿ ಅಂತ ಆಳುಗಳು ಮನಿಗೆ ತಂದರು. ಆಕಳ ಹಾಲು ಕುಡಿಸಿದ್ವಿ, ನಾಲ್ಕನೇ ದಿನ ಸತ್ತಿತು. ತಾಯಿ ಯಾಕ ಬಿಟ್ಟು ಹೋತು?
— ಒಬ್ಬ ಓದುಗರು, ದೇಶಪಾಂಡೆ ನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ತಾಯಿ ಬಿಟ್ಟು ಹೋಗಿರಲಿಕ್ಕಿಲ್ಲ. ಹೆಚ್ಚಾಗಿ ಒಂದೆರಡು ಹೊಲದಾಚೆ ಮೇಯುತ್ತ, ಜನ ಅಲ್ಲಿಂದ ಸರಿಯುವುದನ್ನೇ ಕಾಯುತ್ತಿತ್ತು. ಮರಿಯನ್ನು ಉಳಿಸಲೆಂದೇ ತಂದ ನಿಮಗೆ ಇದನ್ನು ಹೇಳುವುದು ಕಷ್ಟ. ಆದರೆ ಎರಿ ಸೀಮೆಯಲ್ಲಿ ಇಂಥ ಮರಿಗಳು ಮತ್ತೆ ಮತ್ತೆ ಜನರ ಕಣ್ಣಿಗೆ ಬೀಳುವುದರಿಂದ ಹೇಳಲೇಬೇಕು.

ನಮ್ಮ ಕಡೆಯವರು ಚಿಗರಿ ಎನ್ನುವುದು ಕೃಷ್ಣಮೃಗಕ್ಕೆ. 2018ರಲ್ಲಿ ಹುಬ್ಬಳ್ಳಿ–ಧಾರವಾಡ ನಡುವೆ ಓಡತೊಡಗಿದ ಬಸ್ಸಿಗೆ ಇದರ ಹೆಸರಿಟ್ಟದ್ದು ಓಟದ ವೇಗಕ್ಕಾಗಿ. ನವಲಗುಂದ, ಅಣ್ಣಿಗೇರಿ, ರೋಣದ ಬಯಲಿನಲ್ಲಿ ಕಡಲೆ, ಜೋಳದ ನಡುವೆ ಹಿಂಡು ಹಿಂಡಾಗಿ ಕಾಣುವುದು ಇದೇ. ರಾಣೇಬೆನ್ನೂರಿನಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವನ್ನು 1974ರಲ್ಲಿ ಮಾಡಿದ್ದೂ ಮುಖ್ಯವಾಗಿ ಇದಕ್ಕಾಗಿ.

ಕೋಡಿನ ವಿಷಯದಲ್ಲಿ ಮೊಮ್ಮಗಳ ಪ್ರಶ್ನೆ ಬಹಳ ಚೆನ್ನಾಗಿದೆ. ಹಿಮಸಾರಂಗ ಜಿಂಕೆ ಕುಲದ್ದು, ದಾಂಡೇಲಿ ಕಾಡಿನ ಚುಕ್ಕಿ ಜಿಂಕೆ, ಕಡವೆಗಳ ದಾಯಾದಿ. ಈ ಕುಲದ ಕೊಂಬು ಕವಲೊಡೆದ ಎಲುಬು. ಉದುರಿ ಮತ್ತೆ ಬೆಳೆಯುತ್ತದೆ. ಇಡೀ ಕುಲದಲ್ಲಿ ಹೆಣ್ಣಿಗೂ ಕೊಂಬು ಬರುವುದು ಹಿಮಸಾರಂಗದಲ್ಲಿ ಮಾತ್ರ. ಬೆದೆಯ ಕಾಲ ಮುಗಿದ ಮೇಲೆ ದೊಡ್ಡ ಗಂಡುಗಳ ಕೊಂಬು ಉದುರಿದರೂ ಗಬ್ಬದ ಹೆಣ್ಣಿನದು ಮರಿ ಹಾಕುವವರೆಗೆ ಉಳಿಯುತ್ತದೆ. ಚಳಿಗಾಲದಲ್ಲಿ ಹಿಮ ಕೆದರಿ ಮಾಡಿಕೊಂಡ ಮೇವಿನ ಕುಳಿಯಿಂದ ಬೇರೆಯವರನ್ನು ಓಡಿಸಲು ಅದೇ ಆಯುಧ. ನಮ್ಮ ಚಿಗರಿಯದು ಆಕಳ ಕೋಡಿನ ಜಾತಿ: ಒಳಗೆ ಎಲುಬು, ಮೇಲೆ ಗಟ್ಟಿ ಕವಚ, ಒಮ್ಮೆಯೂ ಉದುರುವುದಿಲ್ಲ. ಗಂಡಿಗೆ ಮಾತ್ರ ತಿರುಪಿನಂತೆ ಸುತ್ತಿದ ಉದ್ದ ಕೋಡು. ಹೆಣ್ಣಿಗೆ ಬರುವುದು ತೀರ ಅಪರೂಪ.

ಇನ್ನು ಜೋಡಿಯಾಗುವ ಬಗೆ. ಹಿಮಸಾರಂಗಕ್ಕೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಬಂದರೆ ಬೆದೆ. ಗಂಡು ಮೇವು ಮರೆತು, ಹೆಣ್ಣುಗಳ ಗುಂಪನ್ನು ಸುತ್ತುವರಿದು ಕಾಯುತ್ತದೆ. ಚಿಗರಿ ಗಂಡು ಹೆಣ್ಣನ್ನು ಕಾಯುವುದಕ್ಕಿಂತ ನೆಲವನ್ನು ಕಾಯುತ್ತದೆ. ನಾವು ಬದು ಹಾಕಿದಂತೆ ಅದಕ್ಕೂ ಗಡಿ ಉಂಟು. ಕಣ್ಣಿನ ಮುಂದಿರುವ ಗ್ರಂಥಿಯ ಅಂಟನ್ನು ಹುಲ್ಲಿಗೆ, ಕಡ್ಡಿಗೆ ಒರಸುತ್ತದೆ. ಗೊತ್ತಾದ ಜಾಗದಲ್ಲೇ ಹಿಕ್ಕೆ ಹಾಕಿ ಗುಡ್ಡೆ ಮಾಡುತ್ತದೆ. ಬೇರೆ ಗಂಡು ಗಡಿಗೆ ಬಂದರೆ ತಲೆ ತಗ್ಗಿಸಿ ಕೋಡಿಗೆ ಕೋಡು ಕೊಡುತ್ತದೆ. ಮೈ ಕಪ್ಪೇರುವುದೂ ವಯಸ್ಸಿನ ಜೊತೆಗೆ. ಎಳೆಯ ಗಂಡು ಹೆಣ್ಣಿನಂತೆಯೇ ತಿಳಿಗಂದು. ಕಡುಗಪ್ಪು ಮೈಯ ಗಂಡನ್ನು ನೋಡಿದರೆ ಅದು ಬಲಿತದ್ದು ಎಂದು ತಿಳಿಯಿರಿ.

ಹೆಣ್ಣು ತನ್ನ ನೆಲಕ್ಕೆ ಕಾಲಿಟ್ಟಾಗ ಗಂಡಿನ ನಡಿಗೆಯೇ ಬದಲಾಗುತ್ತದೆ. ಮೂಗು ಆಕಾಶಕ್ಕೆ, ಕೋಡು ಬೆನ್ನಿಗೆ ಒರಗುವಷ್ಟು ಹಿಂದಕ್ಕೆ, ಕಿವಿ ಕೆಳಗೆ. ಗಂಟಲಲ್ಲಿ ಗುರುಗುಡುತ್ತ, ಗಿಡ್ಡ ಗಿಡ್ಡ ಹೆಜ್ಜೆಯಲ್ಲಿ ಎದೆಯುಬ್ಬಿಸಿ ಬರುತ್ತದೆ. ನವಲಗುಂದದ ಹಾದಿಯಲ್ಲಿ ಬಸ್ಸಿನ ಕಿಟಕಿಯಿಂದ ಒಮ್ಮೆ ಇದನ್ನು ಕಂಡೆ; ಅರೆನಿಮಿಷದ ಆ ನೋಟ ಇಂದಿಗೂ ಕಣ್ಣಲ್ಲಿದೆ. ಹೆಣ್ಣಿನ ಉಚ್ಚೆ ಮೂಸಿ, ಮೇಲ್ದುಟಿ ಮಡಚಿ ಮುಖ ಎತ್ತುವುದೂ ಉಂಟು. ಹೋರಿ ಹಾಗೆ ಮಾಡುವುದನ್ನು ಕಂಡ ಒಕ್ಕಲಿಗರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಹೆಣ್ಣು ಬೆದೆಗೆ ಬಂದಿದೆಯೋ ಇಲ್ಲವೋ ಎಂದು ನೋಡುತ್ತದೆ. ಆಮೇಲೆ ಹಿಂದೆ ನಿಂತು ಮುಂಗಾಲನ್ನು ಮೆಲ್ಲಗೆ ಎತ್ತಿ ತಾಗಿಸುತ್ತದೆ. ಹೆಣ್ಣಿಗೆ ಮನಸ್ಸಿಲ್ಲದಿದ್ದರೆ ಮೇಯುತ್ತ ಪಕ್ಕದ ಗಂಡಿನ ನೆಲಕ್ಕೆ ದಾಟುತ್ತದೆ. ಆಯ್ಕೆ ಅದರದೇ.

ಗುಜರಾತಿನ ವೇಲಾವದರ್ ಹುಲ್ಲುಗಾವಲಿನಲ್ಲಿ ಈ ಆಟ ಇನ್ನೂ ತೀವ್ರ. ಅಲ್ಲಿ ಹತ್ತಾರು ಗಂಡುಗಳು ಒಂದೇ ಬಯಲಿನಲ್ಲಿ ಒತ್ತೊತ್ತಾಗಿ ಪುಟ್ಟ ಪುಟ್ಟ ತುಂಡು ನೆಲ ಹಿಡಿದು ನಿಲ್ಲುತ್ತವೆ. ಮೇವಿಗಾಗಿ ಅಲ್ಲ, ಹೆಣ್ಣುಗಳು ಬಂದು ನೋಡಲಿ ಎಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕವಿತಾ ಈಶ್ವರನ್ ಈ ಕೂಟಗಳನ್ನು ವರ್ಷಗಟ್ಟಲೆ ಅಭ್ಯಸಿಸಿದ್ದಾರೆ. ನಟ್ಟನಡುವಿನ ತುಂಡು ಹಿಡಿದ ಗಂಡಿಗೆ ಕೂಡುವ ಅವಕಾಶ ಹೆಚ್ಚು. ಅದನ್ನು ಉಳಿಸಿಕೊಳ್ಳಲು ತೆರಬೇಕಾದ ಬೆಲೆಯೂ ಹೆಚ್ಚು.

ಚಿಗರಿ ಗಬ್ಬ ಹೊರುವುದು ಐದಾರು ತಿಂಗಳು. ಹಿಮಸಾರಂಗದ್ದು ಏಳೂವರೆ. ಎರಡಕ್ಕೂ ಸಾಮಾನ್ಯವಾಗಿ ಒಂದೇ ಮರಿ. ಹಿಮಸಾರಂಗದ ಮರಿಗಳು ಬಹುತೇಕ ಮೇ ತಿಂಗಳ ಆಸುಪಾಸು ಹುಟ್ಟುತ್ತವೆ, ಏಕೆಂದರೆ ಅಲ್ಲಿ ಹಸಿರು ಕಾಣುವ ದಿನಗಳೇ ಕಡಿಮೆ. ನಮ್ಮಲ್ಲಿ ಆ ಒತ್ತಡವಿಲ್ಲ. ಚಿಗರಿ ಮರಿ ವರ್ಷದ ಯಾವ ತಿಂಗಳಲ್ಲೂ ಕಾಣಬಹುದು.

ಎರಡರ ನಿಜವಾದ ವ್ಯತ್ಯಾಸ ತಿಳಿಯುವುದು ಮರಿ ಹುಟ್ಟಿದ ಮೇಲೆ. ಹಿಮಸಾರಂಗದ ಮರಿ ಹುಟ್ಟಿದ ತಾಸೊಪ್ಪತ್ತಿನಲ್ಲಿ ಎದ್ದು, ಅದೇ ದಿನ ತಾಯಿಯ ಬೆನ್ನು ಹತ್ತುತ್ತದೆ. ವಲಸೆ ಹೋಗುವ ಹಿಂಡು ಯಾರಿಗೂ ಕಾಯುವುದಿಲ್ಲ. ಚಿಗರಿ ಮರಿಯೂ ಬೇಗ ಎದ್ದು ನಿಲ್ಲುತ್ತದೆ, ಆದರೆ ಹಿಂದೆ ಹೋಗುವುದಿಲ್ಲ, ಅಡಗುತ್ತದೆ. ತಾಯಿ ಹೆತ್ತು, ನೆಕ್ಕಿ, ಹಾಲು ಕೊಟ್ಟು ದೂರ ಸರಿಯುತ್ತದೆ. ಮರಿ ಹುಲ್ಲಿನಲ್ಲೋ ಬೆಳೆಯ ಸಾಲಿನಲ್ಲೋ ಕುತ್ತಿಗೆ ನೆಲಕ್ಕೆ ಚಾಚಿ ಕಲ್ಲಿನಂತೆ ಬಿದ್ದಿರುತ್ತದೆ. ತೋಳ ಬಂದರೂ ಮಿಸುಕುವುದಿಲ್ಲ, ಮನುಷ್ಯ ಬಂದರೂ ಮಿಸುಕುವುದಿಲ್ಲ. ಹಾಲೂಡುವಾಗ ತಾಯಿ ಮರಿಯ ಹಿಂಭಾಗ ನೆಕ್ಕಿ ಹೊಲಸನ್ನು ತಾನೇ ತಿನ್ನುತ್ತದೆ; ಮಲಗಿದ ಜಾಗದಲ್ಲಿ ವಾಸನೆ ಉಳಿಯಬಾರದು. ತಾಯಿ ದಿನವಿಡೀ ಪಕ್ಕದಲ್ಲೇ ನಿಂತರೆ ತೋಳಕ್ಕೆ ದಾರಿ ತೋರಿಸಿದಂತೆ. ಅದಕ್ಕೇ ದೂರ ನಿಲ್ಲುತ್ತದೆ. ನಿಮ್ಮ ಆಳುಗಳು ಕಂಡದ್ದು ಈ ಕಾವಲನ್ನು, ಬಿಟ್ಟು ಹೋದದ್ದನ್ನಲ್ಲ.

ಹೀಗೆ ಒಂದೆರಡು ವಾರ. ಆಮೇಲೆ ಮರಿ ತಾಯಿಯೊಂದಿಗೆ ಹಿಂಡು ಸೇರುತ್ತದೆ. ಹೆಣ್ಣು ಮರಿ ಹೆಣ್ಣುಗಳ ಗುಂಪಿನಲ್ಲೇ ಉಳಿಯುತ್ತದೆ. ಗಂಡು ಬೆಳೆದು ಕೋಡು ಮೂಡಿದಾಗ ನೆಲದೊಡೆಯ ಅದನ್ನು ಓಡಿಸುತ್ತದೆ. ತನ್ನಂಥ ಗಂಡುಗಳ ಗುಂಪಿನಲ್ಲಿ ತಿರುಗುತ್ತ, ಕೋಡು ಹೂಡುವುದನ್ನು ಕಲಿಯುತ್ತ, ತನ್ನ ತುಂಡು ನೆಲಕ್ಕಾಗಿ ಕಾಯುತ್ತದೆ. ತಂದೆಗೆ ಮರಿಯ ಪಾಲನೆಯಲ್ಲಿ ಪಾತ್ರವಿಲ್ಲ.

ಚಿಗರಿ ಬೆಳೆ ಮೇಯುವುದರಿಂದ ನಿಮ್ಮಂಥ ಒಕ್ಕಲಿಗರಿಗೆ ಆಗುವ ನಷ್ಟ ಸಣ್ಣದಲ್ಲ. ಅಷ್ಟಾಗಿಯೂ ಮರಿಯನ್ನು ಮನೆಗೊಯ್ದು ಹಾಲೂಡಿದಿರಲ್ಲ, ಆ ಮನಸ್ಸು ದೊಡ್ಡದು. ಆಕಳ ಹಾಲಿಗೆ ಎಳೆ ಮರಿಯ ಹೊಟ್ಟೆ ಒಗ್ಗದೆ ಕೆಡುವುದು ಸಾಮಾನ್ಯ, ಹೆದರಿಕೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯಲ್ಲಿ ಸಾಕುವಂತೆಯೂ ಇಲ್ಲ.

ಇನ್ನು ಮುಂದೆ ಹೊಲದಲ್ಲಿ ಒಂಟಿ ಮರಿ ಕಂಡರೆ ಆ ಸಾಲು ಬಿಟ್ಟು ಬೇರೆ ಕಡೆ ಕೆಲಸ ಮಾಡಿ, ನಾಯಿಗಳನ್ನು ಕಟ್ಟಿಹಾಕಿ, ಹೊತ್ತು ಮುಳುಗುವವರೆಗೆ ಆ ಕಡೆ ಸುಳಿಯಬೇಡಿ. ಯಾರಾದರೂ ಎತ್ತಿ ತಂದುಬಿಟ್ಟಿದ್ದರೆ ಅದೇ ದಿನ ಅದೇ ಜಾಗಕ್ಕೆ ಮರಳಿಸಿ ದೂರ ಸರಿಯಿರಿ. ಗಾಯವಾಗಿದ್ದರೆ, ಇಲ್ಲವೆ ಹತ್ತಿರದಲ್ಲೇ ತಾಯಿ ಸತ್ತು ಬಿದ್ದಿದ್ದರೆ ಮಾತ್ರ ಅರಣ್ಯ ಇಲಾಖೆಯವರನ್ನು ಕರೆಯಿರಿ. ಈ ಮಾತನ್ನು ನಿಮ್ಮ ಆಳುಗಳಿಗೂ, ಮೊಮ್ಮಗಳಿಗೂ ದಯವಿಟ್ಟು ತಿಳಿಸಿ.