ಪಡಸಾಲೆಯಲ್ಲಿ 1026 ತುಣುಕು

ಡಬ್ಬಿಯ ಮೇಲೆ ಸಾವಿರ ತುಣುಕು ಎಂದು ಬರೆದಿದ್ದರೂ ಎಷ್ಟೋ ಜಿಗ್‌ಸಾ ಪಜಲ್‌ಗಳಲ್ಲಿ ಇರುವುದು 1026. ಉದ್ದಕ್ಕೆ 38, ಅಗಲಕ್ಕೆ 27, ಗುಣಿಸಿ ನೋಡಿ. ಅದರಲ್ಲಿ ಅಂಚಿನವು 126, ಉಳಿದ 900 ನಡುವಿನವು. ನಮ್ಮ ಮನೆಯಲ್ಲಿ ಈ ಲೆಕ್ಕ ತೆಗೆದವಳು ಪುಣೆಯಲ್ಲಿರುವ ಅಣ್ಣನ ಮಗಳು. ಅಂಚು ಕೂಡಿತೆಂದರೆ ಅರ್ಧ ಕೆಲಸ ಮುಗಿಯಿತು ಎಂದು ನಂಬಿದ್ದ ದೊಡ್ಡವರಿಗೆ, ಅಂಚೆಂದರೆ ಬರೀ ಎಂಟನೆಯ ಒಂದು ಪಾಲು ಎಂದು ಆಕೆ ಹಾಳೆಯ ಮೇಲೆ ಬರೆದು ತೋರಿಸಿದಳು. ಅಂಚು ಮುಗಿದ ಖುಷಿಗೆ ಚಹಾ ಕೇಳುವ ಅಣ್ಣನ ಚಟ ಅಂದಿಗೆ ನಿಂತಿತು.

ಈ ರೂಢಿ ಬೀಳುವ ಮೊದಲು ನಮ್ಮ ಮೇ ತಿಂಗಳ ಮಧ್ಯಾಹ್ನಗಳೆಲ್ಲ ಚೌಕಾಬಾರದವು. ಹುಕ್ಕೇರಿಯ ಬಿಸಿಲಿಗೆ ಹನ್ನೊಂದರ ಮೇಲೆ ಹೊರಗೆ ಕಾಲಿಡುವಂತಿಲ್ಲ. ಸಂಜೆಗೆ ಅಡ್ಡಮಳೆ ಬಂದರೆ ಬಂತು. ಪಡಸಾಲೆಯ ಶಹಾಬಾದ ಫರಸಿಯ ಮೇಲೆ ಸೀಮೆಸುಣ್ಣದಿಂದ ಐದೈದರ ಮನೆ ಬರೆದು, ನಾಲ್ಕು ಕವಡೆ ಹಿಡಿದು ಕೂತರೆ ಹೊತ್ತು ಹೋದದ್ದು ಗೊತ್ತಾಗುತ್ತಿರಲಿಲ್ಲ. ಆಟ ಚೆಂದವೇ. ಆದರೆ ಅದರಲ್ಲಿ ಎದುರಿನವರ ಕಾಯಿ ಕಡಿಯಬೇಕು, ಕಡಿಸಿಕೊಂಡವರು ಮತ್ತೆ ಮೊದಲಿನಿಂದ ಹೊರಡಬೇಕು. ಹಣ್ಣಾಗಲು ಒಂದೇ ಮನೆ ಉಳಿದಾಗ ಅಣ್ಣನ ಕಾಯಿಯನ್ನು ವೈನಿ ಕಡಿದ ದಿನ ಇಬ್ಬರೂ ರಾತ್ರಿ ಬೇರೆ ಬೇರೆ ಪಂಕ್ತಿಗೆ ಉಂಡರು. ಜಗಳವೇ ಬೇಡ ಎನ್ನುವವನು ನಾನಲ್ಲ. ಆದರೂ ವರ್ಷಕ್ಕೊಮ್ಮೆ ಕೂಡುವ ಮನೆಯಲ್ಲಿ ಗೆದ್ದವರು ಸೋತವರು ಇಲ್ಲದ ಒಂದು ಕೆಲಸವೂ ಇರಲಿ ಎನಿಸಿತ್ತು.

ಮೊದಲು ಬಂದದ್ದು ಚಿತ್ರವಲ್ಲ, ಭಾರತದ ನಕಾಶೆ. ಕಟ್ಟಿಗೆಯದು, ಒಂದೊಂದು ರಾಜ್ಯಕ್ಕೆ ಒಂದೊಂದು ತುಂಡು. ಅಪ್ಪ ಬೆಳಗಾವಿಯ ಖಡೇಬಜಾರದಿಂದ ತಂದದ್ದು. ಜಿಗ್‌ಸಾ ಹುಟ್ಟಿದ್ದೂ ಹೀಗೆಯೇ. 1760ರ ದಶಕದಲ್ಲಿ ಲಂಡನ್ನಿನಲ್ಲಿ ನಕಾಶೆ ಕೆತ್ತುತ್ತಿದ್ದ ಜಾನ್ ಸ್ಪಿಲ್ಸ್‌ಬರಿ ಎಂಬಾತ ನಕಾಶೆಯನ್ನು ಹಲಗೆಗೆ ಅಂಟಿಸಿ, ದೇಶದೇಶಗಳ ಗಡಿಗುಂಟ ಕತ್ತರಿಸಿ, ಮಕ್ಕಳು ಭೂಗೋಳ ಕಲಿಯಲೆಂದು ಮಾರಿದ. ಗಡಿಗುಂಟ ಕತ್ತರಿಸುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬೇರೆ ಹೇಳಬೇಕಾಗಿಲ್ಲ. ಅವ್ವ ಕರ್ನಾಟಕ ಮತ್ತು ಮಹಾರಾಷ್ಟ್ರದ ತುಂಡು ಜೋಡಿಸಿ, ಅವು ಕೂಡುವಲ್ಲಿ ಉಗುರು ಊರಿ, "ಇಲ್ಲೇ ನೋಡ, ಚಂದಗಡ. ನಮ್ಮ ಸೋದರತ್ತೀನ್ನ ಕೊಟ್ಟ ಊರು" ಎಂದು ಮೊಮ್ಮಗಳಿಗೆ ತೋರಿಸಿದ್ದಳು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಚಂದಗಡ ತಾಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಅವ್ವ ಆಗ ಸಣ್ಣ ಹುಡುಗಿ. ಅತ್ತೆಯ ಮನೆಗೆ ಹೋಗುವ ಹಾದಿ ಅದೇ ಇತ್ತು, ಹಬ್ಬಕ್ಕೆ ಕರೆತರುವ ಎತ್ತಿನ ಗಾಡಿಯೂ ಅದೇ.

ಆ ನಕಾಶೆ ನಮ್ಮ ಕಣ್ಣೆದುರೇ ಹಳತಾಯಿತು. 2000ದಲ್ಲಿ ಛತ್ತೀಸಗಡ, ಉತ್ತರಾಖಂಡ, ಝಾರ್ಖಂಡ ಬೇರೆಯಾದವು, 2014ರಲ್ಲಿ ತೆಲಂಗಾಣ. ನಮ್ಮ ಆಂಧ್ರ ಇನ್ನೂ ಒಂದೇ ತುಂಡು. ಅಣ್ಣ ಅದರ ಮೇಲೆ ಬಾಲ್‌ಪೆನ್ನಿನಿಂದ ಗೆರೆ ಎಳೆದಿದ್ದಾನೆ, ಮಗಳು ಅದನ್ನು ಒಪ್ಪುವುದಿಲ್ಲ.

ರಟ್ಟಿನ ಪಜಲ್ ಪುಣೆಯಿಂದ ಬಂದ ಮೇಲೆ ಕಲಿತದ್ದು ಬಹಳ, ಅದರಲ್ಲಿ ಅರ್ಧ ಬರೀ ಜಾಗದ ತಾಪತ್ರಯ. ಸಾವಿರದ ಪಜಲ್ ಪೂರ್ತಿಯಾದರೆ ಸುಮಾರು ಎರಡೂಕಾಲು ಅಡಿ ಉದ್ದ, ಒಂದೂವರೆ ಅಡಿಗಿಂತ ತುಸು ಹೆಚ್ಚು ಅಗಲ. ನೆಲದ ಮೇಲೆ ಕಟ್ಟಿದರೆ ರಾತ್ರಿ ಹಾಸಿಗೆ ಹಾಸುವುದೆಲ್ಲಿ? ಬಡಿಗೇರನ ಹತ್ತಿರ ಒಂದು ಪ್ಲೈವುಡ್ ಹಲಗೆ ಕೊಯ್ಸಿಕೊಂಡೆವು. ಹಗಲು ಪಡಸಾಲೆಯಲ್ಲಿ, ರಾತ್ರಿ ಹೊರಸಿನ ಕೆಳಗೆ. ತುಣುಕು ಹರಡಲು ಮದುವೆ ಮನೆಯ ಪರಾತಗಳಷ್ಟು ಅನುಕೂಲದ್ದು ಇನ್ನೊಂದಿಲ್ಲ, ಅಂಚು ಎದ್ದಿರುವುದರಿಂದ ಒಂದೂ ಹೊರಳಿ ಹೋಗುವುದಿಲ್ಲ. ಅಡ್ಡಮಳೆಯ ತಂಪಿಗೆ ರಟ್ಟು ತುಸು ಉಬ್ಬುತ್ತದೆ. ಆಗ ಸರಿಯಾದ ತುಣುಕೂ ಕೂಡುವುದಿಲ್ಲ ಎಂದು ಹಟ ಮಾಡುತ್ತದೆ; ಗುದ್ದಬಾರದು, ಮರುದಿನದ ಬಿಸಿಲಿಗೆ ಬಿಡಬೇಕು.

ಗೋಕಾಕ ಫಾಲ್ಸಿನ ಕತೆ ಬೇರೆ. ಫೋಟೊ ಕೊಟ್ಟರೆ ಪಜಲ್ ಮಾಡಿಕೊಡುವವರು ಬೆಂಗಳೂರಿನಲ್ಲಿ ಇದ್ದಾರೆ ಎಂದು ಗೊತ್ತಾಗಿ ಅಣ್ಣ ಒಂದು ಆಗಸ್ಟಿನಲ್ಲಿ ತಾನೇ ತೆಗೆದ ಚಿತ್ರ ಕಳಿಸಿದ. ನಮ್ಮ ತಾಲೂಕಿನ ಹಿಡಕಲ್ಲಿನಲ್ಲಿ ಅಣೆಕಟ್ಟಿಗೆ ನಿಲ್ಲುವ ಘಟಪ್ರಭೆಯೇ ಮುಂದೆ ಗೋಕಾಕದ ಹತ್ತಿರ ಸುಮಾರು 170 ಅಡಿ ಕೆಳಗೆ ಬೀಳುತ್ತದೆ; ಮೇಲೆ ತೂಗುಸೇತುವೆ, ಪಕ್ಕಕ್ಕೆ 1880ರ ದಶಕದ ನೂಲಿನ ಗಿರಣಿ. ಮೇ ತಿಂಗಳಲ್ಲಿ ಅಲ್ಲಿ ನೋಡುವುದು ಬಂಡೆ ಮಾತ್ರ. ಆಗಸ್ಟಿನಲ್ಲಿ ನೀರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿ ಅಗಲಕ್ಕೆ ಸುರಿಯುತ್ತದೆ. ನೋಡಲು ಭವ್ಯ, ಪಜಲ್ಲಿಗೆ ಶಿಕ್ಷೆ. ಸೇತುವೆಯ ತಂತಿ, ಗಿರಣಿಯ ಗೋಡೆ, ಬಂಡೆಯ ಬಿರುಕು ಎಲ್ಲ ಬೇಗ ಕೂಡಿದವು. ಉಳಿದದ್ದು ಎರಡು ಪರಾತ ಕಂದು ನೀರು. ಡಬ್ಬಿಯ ಚಿತ್ರಕ್ಕೆ ಹಿಡಿದು ನೋಡಿದರೂ ಅಷ್ಟೇ, ನೋಡದಿದ್ದರೂ ಅಷ್ಟೇ. ಹುಡುಗರು ಮೊಬೈಲ್ ಹಿಡಿದರು, ಅಣ್ಣ ಮಲಗಿದ.

ಅಲ್ಲಿಯವರೆಗೆ ಅವ್ವ ಕಂಬಕ್ಕೆ ಒರಗಿ ಜೋಳದಲ್ಲಿ ಹಳ್ಳು ಆರಿಸುತ್ತ, ನಮಗೆ ಉಪದೇಶ ಮಾಡುತ್ತಿದ್ದವಳು. ಮೊರ ಬದಿಗಿಟ್ಟು ಒಂದು ಪರಾತ ಎಳೆದುಕೊಂಡಳು. "ಆ ಚಿತ್ರ ತಗದ ಇಡ್ರಿ, ಕಣ್ಣಿಗೆ ಅಡ್ಡ ಬರ್ತೈತಿ" ಎಂದಳು. ನಮ್ಮಲ್ಲಿ ತುಣುಕಿನ ಹೊರಚಾಚಿಗೆ ಮೂಗು, ಒಳತಗ್ಗಿಗೆ ಗೂಡು ಎನ್ನುತ್ತೇವೆ. ಅವ್ವ ಬಣ್ಣ ನೋಡದೆ ಮೂಗು ಗೂಡುಗಳನ್ನಷ್ಟೇ ನೋಡಿ ಗುಂಪು ಮಾಡತೊಡಗಿದಳು: ನಾಲ್ಕೂ ಮೂಗು, ಮೂರು ಮೂಗು, ಎದುರುಬದುರು ಎರಡು, ಪಕ್ಕಪಕ್ಕ ಎರಡು, ಒಂದೇ ಒಂದು, ನಾಲ್ಕೂ ಗೂಡು. ಆರೇ ಗುಂಪು, ಏಳನೆಯದು ಇರಲು ಸಾಧ್ಯವಿಲ್ಲ ಎಂದು ಆಮೇಲೆ ಕೂತು ಎಣಿಸಿದಾಗ ನಮಗೆ ತಿಳಿಯಿತು. ನಂತರ ಖಾಲಿ ಜಾಗದ ಸುತ್ತ ಬೆರಳಾಡಿಸಿ, ಬೇಕಾದ ಗುಂಪಿನಿಂದ ಒಂದೊಂದೇ ಎತ್ತಿ ಇಟ್ಟು ನೋಡುವುದು. ಕೂಡದಿದ್ದರೆ ಆ ತುಣುಕನ್ನು ಬೋರಲು ಹಾಕಿ ಬೇರೆ ಸಾಲಿಗೆ ಇಡುವಳು, ಮತ್ತೆ ಕೈಗೆ ಬರದಂತೆ.

ಹೀಗೆ ಎಲ್ಲಿ ಕಲಿತೆ ಎಂದು ಕೇಳಿದರೆ ಅವ್ವನಿಗೆ ಪ್ರಶ್ನೆಯೇ ವಿಚಿತ್ರ. ಜೀವಮಾನವೆಲ್ಲ ಕೌದಿ ಹೊಲಿದ ಕೈ ಅದು. "ಚಿಂದೀದು ಮೊದಲ ಅಳತಿ ನೋಡಬೇಕ, ಬಣ್ಣ ಆಮ್ಯಾಲ" ಎಂದಳು. ಹಳೆಯ ಇಳಕಲ್ ಸೀರೆ, ಹರಿದ ಧೋತರ, ಮಕ್ಕಳ ಅಂಗಿ, ಇವುಗಳಿಂದ ಹಾಸಿಗೆಯಗಲದ ಕೌದಿ ಮಾಡುವವರಿಗೆ ಮುಂದೆ ಚಿತ್ರದ ಡಬ್ಬಿ ಇರುವುದಿಲ್ಲ. ಇರುವ ಚಿಂದಿಯೇ ಚಿತ್ರವನ್ನು ಹೇಳಬೇಕು. ಅದಕ್ಕೇ ಇರಬೇಕು, ನಾವು ಚಿತ್ರದಲ್ಲಿ ಜಾಗ ಹುಡುಕುತ್ತಿದ್ದಾಗ ಆಕೆ ಜಾಗಕ್ಕೆ ತುಣುಕು ಹುಡುಕುತ್ತಿದ್ದಳು. ಗೋಕಾಕದ ನೀರನ್ನು ಹೆಚ್ಚುಕಡಿಮೆ ಪೂರ್ತಿ ಕೂಡಿಸಿದವಳು ಅವ್ವ. ಅದರ ಮುಂದಿನ ವರ್ಷದಿಂದ ಹಲಗೆಯ ಸುತ್ತ ಜಾಗ ಹಂಚುವಾಗ ಆಕೆಯ ಮಣೆ ಮೊದಲು ಬೀಳುತ್ತದೆ, ಕಿಟಕಿಯ ಬೆಳಕು ಬರುವ ಕಡೆಗೆ.

ಕಷ್ಟದ ಪಾಠ ಎಂದರೆ ಚುರುಕಿನವರನ್ನು ತಡೆಯುವುದು. ಅಣ್ಣನ ಮಗಳ ಕಣ್ಣು ಬಲು ಚುರುಕು. ನನ್ನ ಸಣ್ಣ ಮಗ ಒಂದು ತುಣುಕನ್ನು ತಿರುಗಿಸಿ ತಿರುಗಿಸಿ ನೋಡುತ್ತಿರುವಾಗಲೇ ಅವನ ಕೈಯಿಂದ ತೆಗೆದು ಟಪ್ಪೆಂದು ಕೂಡಿಸಿಬಿಡುವಳು. ಕೆಲಸ ಮುಂದೆ ಸಾಗುತ್ತಿತ್ತು, ಹುಡುಗ ಎದ್ದು ಹೋಗುತ್ತಿದ್ದ. ಕಾಯಿದೆ ಮಾಡಿದವಳು ವೈನಿ: ಒಬ್ಬರ ಪರಾತಕ್ಕೆ ಇನ್ನೊಬ್ಬರು ಕೈ ಹಾಕಬಾರದು, ಕೇಳಿದರೆ ಮಾತ್ರ ಹೇಳಬೇಕು, ಹೇಳಿದರೂ ಬೆರಳಿಟ್ಟು ತೋರಿಸಬಾರದು. ಎರಡನೆಯ ಭಾಗವೇ ದೊಡ್ಡವರಿಗೆ ಹೆಚ್ಚು ತ್ರಾಸು. ಅಣ್ಣ ಬೆರಳಿನ ಬದಲು ಹುಬ್ಬಿನಿಂದ ತೋರಿಸಲು ಹೋಗಿ ಸಿಕ್ಕಿಬಿದ್ದಿದ್ದಾನೆ.

ಮಾತಿನ ವಿಷಯ ನಾನು ನಿರೀಕ್ಷಿಸಿರಲಿಲ್ಲ. ಕಣ್ಣು ಕೆಳಗೆ, ಕೈಗೆ ಕೆಲಸ, ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ ಎಂದಾಗ ಮನುಷ್ಯರು ಬೇರೆಯೇ ರೀತಿ ಮಾತಾಡುತ್ತಾರೆ. ನೌಕರಿ ಬಿಟ್ಟ ಸಂಗತಿಯನ್ನು ಅಣ್ಣ ಹೇಳಿದ್ದು ಆಕಾಶದ ಒಂದು ತುಣುಕು ಹುಡುಕುತ್ತ. ಊಟಕ್ಕೆ ಕೂಡಿಸಿ ಕೇಳಿದ್ದರೆ ಖಂಡಿತ ಹೇಳುತ್ತಿರಲಿಲ್ಲ. ಯಾರೂ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವ್ವ, "ಪಗಾರ ಎಷ್ಟ ತಿಂಗಳದ್ದು ಬರೂದೈತಿ?" ಎಂದು ಕೇಳಿದಳು. ಅಣ್ಣ ಹೇಳಿದ. ತುಣುಕು ಅಷ್ಟರಲ್ಲಿ ವೈನಿಗೆ ಸಿಕ್ಕಿತು.

ಮುಗಿದ ಪಜಲ್‌ಗೆ ಅಂಟು ಹಾಕಿ ಗೋಡೆಗೆ ತೂಗಹಾಕಬೇಕೆಂದು ಹುಡುಗರ ಒತ್ತಾಯ. ನನಗೆ ಅದು ಸೇರುವುದಿಲ್ಲ. ಗೋಡೆಗೆ ಹೋದದ್ದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅಮೆರಿಕದವರು ಪಜಲ್‌ಗಳನ್ನು ಅಂಗಡಿ, ಗ್ರಂಥಾಲಯಗಳಿಂದ ಬಾಡಿಗೆಗೆ ಒಯ್ದು ಕಟ್ಟಿ, ಮುರಿದು ಮರಳಿಸುತ್ತಿದ್ದರಂತೆ. ನಾವು ಬಾಡಿಗೆ ಇಲ್ಲದೆ ಅದನ್ನೇ ಮಾಡುತ್ತೇವೆ. ನಮ್ಮ ಡಬ್ಬಿ ಸಂಕೇಶ್ವರದ ಕಾಕಾನ ಮನೆಗೆ, ಅವರದು ನಮ್ಮ ಮನೆಗೆ. ಕಳೆದ ತುಣುಕಿಗೂ ಉಪಾಯವಿದೆ: ಸುತ್ತಲಿನ ನಾಲ್ಕು ತುಣುಕು ಕೂಡಿಸಿ, ನಡುವಿನ ತೂತಿನ ಆಕಾರವನ್ನು ಪೆನ್ಸಿಲ್ಲಿನಿಂದ ಲಗ್ನಪತ್ರಿಕೆಯ ಮೇಲೆ ಬರೆದುಕೊಂಡು, ದಪ್ಪ ಸಾಲುವಷ್ಟು ಪದರ ಅಂಟಿಸಿ ಕತ್ತರಿಸಿದರೆ ಸಾಕು. ಬಣ್ಣ ಹುಡುಗರು ಹಚ್ಚುತ್ತಾರೆ. ಅಂಥದು ಒಳಗಿದ್ದರೆ ಮುಚ್ಚಳದ ಹಿಂದೆ ಬರೆದು ಕಳಿಸಬೇಕು, ಇಲ್ಲದಿದ್ದರೆ ಸಂಕೇಶ್ವರದಿಂದ ಫೋನು ಬರುತ್ತದೆ.